ನಮ್ಮ ತಾಲ್ಲೂಕಿನ ಸಂಪನ್ಮೂಲ ಕೊಠಡಿ: ಮೂರು ವರ್ಷ ಬಳಸಿ ನೋಡಿದ ಶಿಕ್ಷಕಿಯ ಅಭಿಪ್ರಾಯ

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಲಿ-ಕಲಿ ತರಗತಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಚಟುವಟಿಕೆಗಳ ಮೂಲಕ ಕಲಿಯುವ ತರಗತಿ, ನಡೆಸುವ ಶಿಕ್ಷಕಿ. ಕಳೆದ ಮೂರು ಶೈಕ್ಷಣಿಕ ವರ್ಷಗಳಲ್ಲಿ ನನ್ನ ಶಾಲೆಯ ವಿಶೇಷ ಅಗತ್ಯವುಳ್ಳ ನಾಲ್ಕು ಮಕ್ಕಳಿಗಾಗಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ, ಅಂದರೆ ನಾವೆಲ್ಲ ಬಿಆರ್‌ಸಿ ಎಂದೇ ಕರೆಯುವ ಕಚೇರಿಯ, ಸಮನ್ವಯ ಶಿಕ್ಷಣ ಸೇವೆಯನ್ನು (ಇಂಥ ಮಕ್ಕಳು ಎಲ್ಲರ ಜೊತೆಯಲ್ಲೇ ಕಲಿಯಲು ಕೊಡುವ ನೆರವನ್ನು) ಬಳಸಿಕೊಂಡಿದ್ದೇನೆ. ಮಿಕ್ಸಿ ಕೊಳ್ಳುವಾಗಲೂ ಹತ್ತು ಜನ ಬಳಸಿದವರ ಮಾತು ಓದಿಯೇ ಮುಂದುವರಿಯುವ ಕಾಲವಿದು. ಆದರೆ ವಿಶೇಷ ಅಗತ್ಯವುಳ್ಳ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು, ಹೋದರೆ ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಬಳಸಿದವರೇ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹೀಗಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಗುರುತು ಸಿಗಬಾರದೆಂಬ ಕಾರಣಕ್ಕೆ ತಾಲ್ಲೂಕಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ.

ಮೊದಲು ಸೇವೆ ಯಾವುದೆಂದು ಹೇಳಿಬಿಡುತ್ತೇನೆ. 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ ಮೊದಲಾದವುಗಳನ್ನು ಒಂದುಗೂಡಿಸಿ ರೂಪಿಸಿದ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಇದು ನಡೆಯುತ್ತದೆ. ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಎಂದು ಕರೆಯಲಾಗುವ ವಿಶೇಷ ಶಿಕ್ಷಕರು ಇರುತ್ತಾರೆ. ಅವರು ಶಾಲೆಗಳಿಗೆ ಭೇಟಿ ನೀಡುತ್ತಾರೆ, ಸಂಪನ್ಮೂಲ ಕೊಠಡಿಯಲ್ಲಿ ಮಕ್ಕಳಿಗೆ ಕಲಿಸುತ್ತಾರೆ, ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗುತ್ತಾರೆ. ನಮ್ಮಲ್ಲಿ ವಾರದ ಒಂದು ದಿನ ಫಿಸಿಯೋಥೆರಪಿಸ್ಟ್ ಬರುತ್ತಾರೆ, ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣಾ ಶಿಬಿರ ನಡೆಯುತ್ತದೆ. ಯಾವುದಕ್ಕೂ ಹಣ ಕೊಡಬೇಕಾಗಿಲ್ಲ. ವಿಕಲಚೇತನ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳ ಪ್ರೋತ್ಸಾಹಧನವೂ ಇದೇ ಯೋಜನೆಯಲ್ಲಿದೆ.

ಈ ಸೇವೆ ಕಣ್ಣು ಕಾಣದ, ಕಾಲು ನಡೆಯದ ಮಕ್ಕಳಿಗೆ ಮಾತ್ರ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಅದಕ್ಕೆ ಕಾರಣವೂ ಇದೆ: 1995ರ ಕಾಯ್ದೆ ಏಳು ಬಗೆಯ ವಿಕಲತೆಗಳನ್ನಷ್ಟೇ ಗುರುತಿಸಿತ್ತು ಮತ್ತು ನಮ್ಮ ತರಬೇತಿ ಕಾಲೇಜುಗಳ ಪಾಠ ಅಲ್ಲಿಗೇ ನಿಂತುಬಿಟ್ಟಿತ್ತು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆ ಸಂಖ್ಯೆಯನ್ನು 21ಕ್ಕೆ ಏರಿಸಿತು. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ (ಬುದ್ಧಿ ಚೆನ್ನಾಗಿದ್ದರೂ ಓದು, ಬರಹ ಅಥವಾ ಲೆಕ್ಕ ಕೈಹತ್ತದಿರುವುದು), ಮಾತು ಮತ್ತು ಭಾಷೆಯ ತೊಂದರೆಗಳೆಲ್ಲ ಪಟ್ಟಿಗೆ ಸೇರಿದ್ದು ಆಗಲೇ. ಪಿಂಚಣಿ, ಮೀಸಲಾತಿಗಳಂಥ ಸೌಲಭ್ಯಗಳಿಗೆ ಶೇ 40ರಷ್ಟು ವಿಕಲತೆಯ ಪ್ರಮಾಣಪತ್ರ ಬೇಕು ಎಂಬುದು ನಿಜ. ಆದರೆ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಹಚ್ಚಿ ಅದಕ್ಕೆ ತಕ್ಕ ಬೋಧನಾ ಕ್ರಮವನ್ನು ಕೈಗೊಳ್ಳುವುದು ಶಾಲೆಯ ಹೊಣೆ ಎಂದು ಅದೇ ಕಾಯ್ದೆಯ 16ನೇ ಕಲಂ ಹೇಳುತ್ತದೆ. ತರಗತಿಯಲ್ಲಿ ಕೊಡಬೇಕಾದ ನೆರವು ಪ್ರಮಾಣಪತ್ರ ಬರುವವರೆಗೆ ಕಾಯಬೇಕಾದದ್ದಲ್ಲ. ಈ ಒಂದು ವಿಷಯವನ್ನು ನನಗೆ ಬಿಡಿಸಿ ಹೇಳಿದ್ದಕ್ಕಾಗಿಯೇ ಆ ವಿಭಾಗಕ್ಕೆ ನಾನು ಋಣಿಯಾಗಿದ್ದೇನೆ.

ಕೊಠಡಿಯ ವಿಚಾರ ಹೆಚ್ಚು ಹೇಳುವಂಥದ್ದಿಲ್ಲ. ತರಬೇತಿ ಸಭಾಂಗಣದ ಹಿಂದೆ ರ‍್ಯಾಂಪ್ ಇರುವ ಒಂದು ಕೋಣೆ. ನೆಲಕ್ಕೆ ಚಾಪೆ, ನಡಿಗೆ ಕಲಿಯುವ ಸಮಾನಾಂತರ ಕಂಬಿಗಳು, ಗೋಡೆಗೆ ಉದ್ದನೆಯ ಕನ್ನಡಿ, ಕಪಾಟಿನಲ್ಲಿ ಮಣಿ, ಬ್ಲಾಕು, ಬ್ರೈಲ್ ಸ್ಲೇಟುಗಳು. ಕೈಹಿಡಿ ಇರುವ ಶೌಚಾಲಯವೊಂದಿದೆ. ನಾನು ಹೋದ ಎರಡು ಸಲವೂ ಅದರೊಳಗೆ ಪಠ್ಯಪುಸ್ತಕಗಳ ಕಟ್ಟುಗಳನ್ನು ಜೋಡಿಸಿ ಬೀಗ ಹಾಕಿದ್ದರು. ದೂರದ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಮಗುವನ್ನು ಎತ್ತಿಕೊಂಡು ಬರುವ ತಾಯಿಗೆ ಇದು ಸಣ್ಣ ವಿಷಯವಲ್ಲ. ಕೇಳಿದ ಮೇಲೆ ಬೀಗ ತೆಗೆದರು ಎಂಬುದನ್ನೂ ಹೇಳಬೇಕು.

ನಾನು ಈ ಸೇವೆಯನ್ನು ಮೆಚ್ಚಿದ್ದು ಆ ಕೊಠಡಿಯಿಂದಾಗಿ ಅಲ್ಲವೇ ಅಲ್ಲ. ಅಲ್ಲಿನ ವಿಶೇಷ ಶಿಕ್ಷಕಿಯೊಬ್ಬರು ನನ್ನ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಮಾಡಿದ ಕೆಲಸದಿಂದ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮನೆಯಲ್ಲಿ ಅಜ್ಜಿ, ಎರಡು ಹಸು. ಡೈರಿಗೆ ಹಾಕಿದ ಹಾಲು ಎಷ್ಟು ಲೀಟರು, ಫ್ಯಾಟ್ ಎಷ್ಟು ಬಂತು, ವಾರಕ್ಕೆ ಎಷ್ಟು ದುಡ್ಡು ಬರಬೇಕು ಎಂಬುದನ್ನು ಅವನು ಬಾಯಲ್ಲೇ ಹೇಳುತ್ತಿದ್ದ. ಕಥೆ ಹೇಳಿದರೆ ಮರುದಿನ ಒಂದು ಮಾತೂ ಬಿಡದೆ ಒಪ್ಪಿಸುತ್ತಿದ್ದ. ಆದರೆ ಓದಲು ಕೂರಿಸಿದರೆ ಬೆವರುತ್ತಿದ್ದ. ನಲಿ-ಕಲಿಯ ಕ್ರಮದಲ್ಲಿ ನಾವು ಅ-ಆ-ಇ-ಈ ಎಂದು ಆರಂಭಿಸದೆ ರ-ಗ-ಸ-ದ-ಅ ಎಂಬ ಗುಂಪಿನಿಂದ ಆರಂಭಿಸುತ್ತೇವೆ. ಅವನು ಎರಡು ಮೂರು ಗುಂಪು ದಾಟಿ ಅಲ್ಲೇ ನಿಂತುಬಿಟ್ಟಿದ್ದ. ನಲಿ-ಕಲಿಯಲ್ಲಿ ಮಕ್ಕಳು ತಮಗೆ ಎಷ್ಟು ನೆರವು ಬೇಕೋ ಅದಕ್ಕೆ ತಕ್ಕಂತೆ ಬೇರೆ ಬೇರೆ ಕಡೆ ಕೂರುತ್ತಾರೆ, ಆ ಜಾಗಗಳನ್ನು ತಟ್ಟೆ ಎನ್ನುತ್ತೇವೆ. ಜೊತೆಯವರೆಲ್ಲ ಗೆಳೆಯರ ನೆರವಿನ ತಟ್ಟೆಗೂ ಸ್ವಕಲಿಕೆಯ ತಟ್ಟೆಗೂ ಹೋಗುತ್ತಿದ್ದರೆ ಅವನು ಸಂಪೂರ್ಣ ಶಿಕ್ಷಕ ಬೆಂಬಲಿತ ತಟ್ಟೆಯಿಂದ ಏಳಲೇ ಇಲ್ಲ. ‘ದಡ್ಡ ಅಲ್ಲ ಟೀಚರಮ್ಮ, ಅಕ್ಸರ ಒಂದು ಅವನ್ಗೆ ಒಲೀತಿಲ್ಲ’ ಎಂದು ಅಜ್ಜಿ ಹೇಳುತ್ತಿದ್ದರು. ನಾನು ಮಾತ್ರ ಅವನು ಗಮನ ಕೊಡುತ್ತಿಲ್ಲ ಎಂದು ಪ್ರಗತಿ ನೋಟದಲ್ಲಿ ಎರಡು ಸಲ ಬರೆದಿದ್ದೆ. ಆ ಸಾಲನ್ನು ನೆನೆದಾಗ ಈಗಲೂ ನನಗೆ ನೋವಾಗುತ್ತದೆ.

ವಿಶೇಷ ಶಿಕ್ಷಕಿ ಮೊದಲ ಸಲ ಬಂದಾಗ ನಾನು ಹುಡುಗನನ್ನು ಎಬ್ಬಿಸಿ ಅವರ ಮುಂದೆ ನಿಲ್ಲಿಸಿದೆ. ಅವರು ಅವನನ್ನು ಜಾಗಕ್ಕೆ ಕಳುಹಿಸಿ, ಅವನ ನೋಟ್‌ಪುಸ್ತಕಗಳನ್ನೆಲ್ಲ ಕೇಳಿ ಪಡೆದು, ಅರ್ಧ ಗಂಟೆ ಅವುಗಳನ್ನೇ ನೋಡಿದರು. ಒಂದು ಹಾಳೆಯ ಮೇಲೆ ಅವನು ಮಾಡಿದ ತಪ್ಪುಗಳನ್ನು ಗುಂಪು ಗುಂಪಾಗಿ ಬರೆದುಕೊಂಡರು: ಪ ಮತ್ತು ಷ, ವ ಮತ್ತು ಮ, ನ ಮತ್ತು ಸ ಇವುಗಳಲ್ಲಿ ಗೊಂದಲ, ದ, ಧ, ಥಗಳಲ್ಲಿ ಹೊಟ್ಟೆಯ ಗೆರೆಯೂ ಚುಕ್ಕೆಯೂ ತಪ್ಪುತ್ತವೆ, ತಲಕಟ್ಟು ಮತ್ತು ಗುಡಿಸು ಸರಿ, ಏತ್ವದ ದೀರ್ಘ ಬಿಟ್ಟುಹೋಗುತ್ತದೆ, ಒತ್ತಕ್ಷರ ಇದ್ದರೆ ಒತ್ತನ್ನು ನೋಡುವುದೇ ಇಲ್ಲ, ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದುತ್ತಾನೆ. ಕೊನೆಗೆ ‘ಸೂರ್ಯ’ ಎಂಬ ಪದಕ್ಕೆ ಬಂದರು. ಅವನು ಅದನ್ನು ‘ಸೂಯರ’ ಎಂದು ಓದುತ್ತಿದ್ದ, ನಾನು ಪ್ರತಿ ಸಲವೂ ತಿದ್ದುತ್ತಿದ್ದೆ. ‘ಮೇಡಂ, ಅವನು ಕಂಡ ಹಾಗೆಯೇ ಓದುತ್ತಿದ್ದಾನೆ ನೋಡಿ’ ಎಂದರು. ಅರ್ಕಾವೊತ್ತನ್ನು ನಾವು ಯಕಾರದ ನಂತರ ಬರೆದು ಅದಕ್ಕಿಂತ ಮೊದಲು ಉಚ್ಚರಿಸುತ್ತೇವೆ. ಎಡದಿಂದ ಬಲಕ್ಕೆ ಒಂದೊಂದೇ ಗುರುತನ್ನು ಹೆಕ್ಕಿಕೊಂಡು ಹೋಗುವ ಮಗುವಿಗೆ ಅಲ್ಲಿ ಸಿಗುವುದು ಸೂ, ಯ, ರ. ಹದಿನೇಳು ವರ್ಷ ಕನ್ನಡ ಕಲಿಸಿದ ನನಗೆ ಈ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಅದೇ ದಿನ ಇದು ಡಿಸ್‌ಲೆಕ್ಸಿಯಾ, ಅಂದರೆ ಓದಿಗೆ ಸಂಬಂಧಿಸಿದ ಕಲಿಕಾ ನ್ಯೂನತೆ, ಹೌದೋ ಅಲ್ಲವೋ ಎಂದು ಅವರು ಹೇಳಿಬಿಡುತ್ತಾರೆ ಎಂದು ನಾನು ಕಾದಿದ್ದೆ. ಅವರು ಹೇಳಲಿಲ್ಲ. ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಲಿ ಎಂದರು. ಹಾಜರಾತಿ ಹೇಗಿದೆ, ಮನೆಯ ಮಾತು ಕನ್ನಡವೇ, ಒಂದನೇ ತರಗತಿಯಲ್ಲಿ ಎಷ್ಟು ದಿನ ಶಾಲೆ ತಪ್ಪಿತ್ತು ಎಂದೆಲ್ಲ ಕೇಳಿದರು. ಕನ್ನಡ ಲಿಪಿಯ ಸ್ವಭಾವವನ್ನೂ ವಿವರಿಸಿದರು: ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ ಗುಣಿತಾಕ್ಷರಗಳನ್ನು ಸೇರಿಸಿದರೆ ಮಗು ಗುರುತಿಸಬೇಕಾದ ರೂಪಗಳು ನಾನ್ನೂರು ದಾಟುತ್ತವೆ, ಒತ್ತಕ್ಷರಗಳು ಬೇರೆ. ಯಾವ ತೊಂದರೆಯೂ ಇಲ್ಲದ ಮಗುವಿಗೇ ಇವೆಲ್ಲ ಪೂರ್ತಿ ಕೈವಶವಾಗಲು ನಾಲ್ಕೈದು ವರ್ಷ ಹಿಡಿಯುವಾಗ, ಏಳು ವರ್ಷದ ಮಗುವಿಗೆ ಹಣೆಪಟ್ಟಿ ಕಟ್ಟಲು ಆತುರಪಡಬಾರದು ಎಂಬುದು ಅವರ ನಿಲುವು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯೂ ಕಲಿಕಾ ನ್ಯೂನತೆಯ ಪರೀಕ್ಷೆಯನ್ನು ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಇರಿಸಿತ್ತು. ಆಗ ನನಗೆ ಸ್ವಲ್ಪ ನಿರಾಶೆಯಾಯಿತು, ಈಗ ಅವರ ನಿಲುವೇ ಸರಿ ಎನ್ನಿಸುತ್ತದೆ. ಆದರೆ ಅವರು ಹೆಸರಿಡುವುದನ್ನು ಮುಂದೂಡಿದರೇ ಹೊರತು ನೆರವನ್ನು ಮುಂದೂಡಲಿಲ್ಲ.

ಹಳೆಯ ಆಮಂತ್ರಣ ಪತ್ರಿಕೆಯೊಂದನ್ನು ತೆಗೆದುಕೊಂಡು ಅದರ ನಡುವೆ ಎರಡು ಬೆರಳಗಲದ ಸಣ್ಣ ಕಿಟಕಿ ಕತ್ತರಿಸಿದರು. ಅದನ್ನು ಪುಸ್ತಕದ ಮೇಲಿಟ್ಟರೆ ಒಂದೇ ಪದ ಕಾಣುತ್ತದೆ, ಉಳಿದ ಸಾಲುಗಳೆಲ್ಲ ಮುಚ್ಚಿಹೋಗುತ್ತವೆ. ಕೆಳಗಿನ ಸಾಲಿನ ತಲಕಟ್ಟು ಮೇಲಿನ ಸಾಲಿನ ಒತ್ತಿಗೆ ತಾಗಿದಂತೆ ಕಾಣುವ ನಮ್ಮ ಪಠ್ಯಪುಸ್ತಕಗಳಲ್ಲಿ ಈ ಕಿಟಕಿ ಎಷ್ಟು ಉಪಕಾರಿ ಎಂಬುದನ್ನು ಬಳಸಿ ನೋಡಿದವರೇ ಬಲ್ಲರು. ಒತ್ತಕ್ಷರಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ಬರೆಯಲು ಹೇಳಿದರು. ‘ಸೂರ್ಯ’, ‘ಕಾರ್ಯ’ಗಳಂಥ ಪದಗಳನ್ನು ಆರಂಭದಲ್ಲಿ ರಕಾರವನ್ನು ಮೇಲಿಟ್ಟು ಯಕಾರವನ್ನು ಅದರ ಕೆಳಗೆ ಒತ್ತಾಗಿ ಬರೆದು ಕಲಿಸಿ, ಓದು ಹರಿಯತೊಡಗಿದ ಮೇಲೆ ಅರ್ಕಾವೊತ್ತಿಗೆ ತರುವುದೆಂದಾಯಿತು. ಬೇರೆ ಮಕ್ಕಳು ಐದು ವಾಕ್ಯ ಬರೆಯುವಾಗ ಅವನು ಐದನ್ನು ಬಾಯಲ್ಲಿ ಹೇಳಿ ಒಂದನ್ನು ಬರೆಯುವುದು. ಗಣಿತದ ಲೆಕ್ಕಗಳನ್ನು ನಾನೋ ಅವನ ಗೆಳೆಯನೋ ಓದಿ ಹೇಳುವುದು. ಇವೆಲ್ಲ ಒಂದೇ ಹಾಳೆಯ ವೈಯಕ್ತಿಕ ಶೈಕ್ಷಣಿಕ ಯೋಜನೆಯಲ್ಲಿ, ಅಂದರೆ ನಾವು ಐಇಪಿ ಎನ್ನುವ ಕಾಗದದಲ್ಲಿ, ಅಚ್ಚ ಕನ್ನಡದಲ್ಲಿ ಬಂದವು. ಮೂರೇ ಗುರಿಗಳು. ಅವುಗಳಲ್ಲೊಂದು, ಮಾರ್ಚ್ ಹೊತ್ತಿಗೆ ಐವತ್ತು ಸಜಾತೀಯ ಒತ್ತಕ್ಷರದ ಪದಗಳಲ್ಲಿ ನಲವತ್ತನ್ನು ನೆರವಿಲ್ಲದೆ ಓದಬೇಕು ಎಂಬುದು. ಮಾರ್ಚ್‌ನಲ್ಲಿ ಮೂವತ್ತಾರನ್ನು ಓದಿದ. ಜೂನ್ ಕೊನೆಗೆ ನಲವತ್ತೊಂದಾಯಿತು.

ಇದಕ್ಕೆ ಹೋಲಿಸಿ ನೋಡಲು ನನಗೆ ಇನ್ನೊಂದು ಅನುಭವವೂ ದೊರೆಯಿತು. ಮೂರನೇ ತರಗತಿಗೆ ಬಂದಾಗ ಹುಡುಗನ ಸೋದರಮಾವ, ಸರ್ಕಾರದ್ದನ್ನು ನಂಬಿ ಕೂರಬಾರದೆಂದು, ನಗರದ ಖಾಸಗಿ ಕೇಂದ್ರವೊಂದರಲ್ಲಿ ಎಂಟು ಸಾವಿರ ರೂಪಾಯಿ ಕಟ್ಟಿ ಪರೀಕ್ಷೆ ಮಾಡಿಸಿದರು. ಹನ್ನೊಂದು ಪುಟಗಳ ವರದಿ ಬಂತು, ಪೂರ್ತಿ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಹುಡುಗನಿಗೆ ಅಲ್ಲಿ ಓದಿಸಿದ್ದು ಇಂಗ್ಲಿಷ್ ಪದಗಳ ಪಟ್ಟಿಯನ್ನು. ಸಲಹೆಗಳಲ್ಲಿ ಬಿ ಮತ್ತು ಡಿ ಅಕ್ಷರಗಳ ಗೊಂದಲವನ್ನು ಹೇಗೆ ನಿವಾರಿಸಬೇಕು ಎಂಬುದಿತ್ತೇ ಹೊರತು ಒತ್ತಕ್ಷರ, ಗುಣಿತಗಳ ಸುದ್ದಿಯೇ ಇರಲಿಲ್ಲ. ಅಜ್ಜಿ ಆ ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟಾಗ ಅದರಲ್ಲಿ ಏನಿದೆ ಎಂದು ಅವರಿಗೆ ಹೇಳಲು ನನಗೆ ಕಷ್ಟವಾಯಿತು. ಎಲ್ಲ ಖಾಸಗಿ ಕೇಂದ್ರಗಳೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಆದರೆ ಹಣ ಕಟ್ಟುವ ಮೊದಲು, ಮಗು ಶಾಲೆಯಲ್ಲಿ ಓದುತ್ತಿರುವ ಭಾಷೆಯಲ್ಲೇ ಓದಿಸಿ ನೋಡುತ್ತೀರಾ, ವರದಿಯನ್ನು ಆ ಭಾಷೆಯಲ್ಲೇ ಕೊಡುತ್ತೀರಾ ಎಂಬ ಎರಡು ಪ್ರಶ್ನೆಗಳನ್ನು ಪೋಷಕರು ಕೇಳಲೇಬೇಕು.

ಪ್ರಮಾಣಪತ್ರದ ದಾರಿ ಮಾತ್ರ ಸರ್ಕಾರದಲ್ಲೂ ಸುಲಭವಾಗಿರಲಿಲ್ಲ. ಶಾಲೆಯ ಪ್ರಾಥಮಿಕ ತಪಾಸಣಾ ಪಟ್ಟಿ, ಮಕ್ಕಳ ವೈದ್ಯರ ಪರೀಕ್ಷೆ, ಬುದ್ಧಿಮತ್ತೆಯ ಪರೀಕ್ಷೆ, ಆಮೇಲೆ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷಾ ಮಾಲೆ, ಇಷ್ಟು ಹಂತಗಳು. ಒಂದು ದಿನ ಮನಶ್ಶಾಸ್ತ್ರಜ್ಞರು ರಜೆ, ಇನ್ನೊಂದು ದಿನ ಫಾರಂ ಮುಗಿದಿತ್ತು; ಹೀಗೆ ಅಜ್ಜಿ ನಾಲ್ಕು ಸಲ ಆಸ್ಪತ್ರೆಗೆ ಅಲೆದರು, ನಾಲ್ಕು ದಿನದ ಕೂಲಿ ಹೋಯಿತು. ಬಿಆರ್‌ಸಿಯವರು ದಿನಾಂಕವನ್ನು ಮೊದಲೇ ವಿಚಾರಿಸಿ ತಿಳಿಸಿದ್ದರೆ ಇದರಲ್ಲಿ ಅರ್ಧವಾದರೂ ಉಳಿಯುತ್ತಿತ್ತು. ಹಾಗೆಂದು ಪ್ರಮಾಣಪತ್ರವನ್ನು ಬಿಡುವಂತೆಯೂ ಇಲ್ಲ. ಮುಂದೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರ ನೆರವು, ಹೆಚ್ಚುವರಿ ಸಮಯ ಮುಂತಾದವುಗಳಿಗೆ ಅದೇ ಆಧಾರ.

ಎರಡನೆಯ ಮಗು ಒಂದನೇ ತರಗತಿಗೆ ಬಂದ ಹುಡುಗಿ. ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಮಿದುಳಿಗೆ ಆದ ಹಾನಿಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿಯಿಂದ, ಅವಳ ಎರಡೂ ಕಾಲುಗಳು ಬಿಗಿಯಾಗಿದ್ದವು, ಕೈಗಳಲ್ಲೂ ಸ್ವಲ್ಪ ಸೆಡವು ಇತ್ತು. ಬುದ್ಧಿ ಬಹಳ ಚುರುಕು. ಬರೆಯುವುದು ಅವಳಿಂದಾಗದು ಎಂದು ನಾನೇ ತೀರ್ಮಾನಿಸಿ ಬರೆಯುವ ಕೆಲಸದಿಂದ ಅವಳನ್ನು ಬಿಟ್ಟುಬಿಟ್ಟಿದ್ದೆ. ಅದನ್ನು ದೊಡ್ಡ ಉಪಕಾರವೆಂದೂ ಭಾವಿಸಿದ್ದೆ. ಫಿಸಿಯೋಥೆರಪಿಸ್ಟರನ್ನು ಕರೆದುಕೊಂಡು ಶಾಲೆಗೆ ಬಂದ ವಿಶೇಷ ಶಿಕ್ಷಕಿ ಮೊದಲು ನೋಡಿದ್ದು ಅವಳ ಕೈಗಳನ್ನಲ್ಲ, ಪಾದಗಳನ್ನು. ಕುರ್ಚಿಯಲ್ಲಿ ಕುಳಿತ ಅವಳ ಪಾದಗಳು ನೆಲಕ್ಕೆ ತಾಗದೆ ತೂಗಾಡುತ್ತಿದ್ದವು. ಕಾಲಿಗೆ ಆಧಾರವಿಲ್ಲದಿದ್ದರೆ ಸೊಂಟ ಜಾರುತ್ತದೆ, ಸೊಂಟ ಜಾರಿದರೆ ಬೀಳದಂತೆ ಹಿಡಿದುಕೊಳ್ಳುವುದರಲ್ಲೇ ಕೈಯ ಶಕ್ತಿಯೆಲ್ಲ ಮುಗಿಯುತ್ತದೆ, ಬರೆಯಲು ಏನೂ ಉಳಿಯುವುದಿಲ್ಲ ಎಂದು ಅವರು ತೋರಿಸಿಕೊಟ್ಟರು.

ಶಾಲೆಯ ಹಿತ್ತಲಲ್ಲಿ ಬಿದ್ದಿದ್ದ ನಾಲ್ಕು ಇಟ್ಟಿಗೆಗಳಿಗೆ ಗೋಣಿಚೀಲ ಸುತ್ತಿ ಅವಳ ಪಾದದ ಕೆಳಗಿಟ್ಟೆವು. ಬೆನ್ನಿನ ಹಿಂದೆ ಮಡಿಸಿದ ಟವೆಲ್. ಪೆನ್ಸಿಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ದಪ್ಪ ಮಾಡಿದೆವು, ನೋಟ್‌ಪುಸ್ತಕ ಜರುಗದಂತೆ ಅಂಟುಪಟ್ಟಿ ಹಾಕಿದೆವು. ಅವಳು ಅಂದು ಇಡೀ ಪುಟದಷ್ಟು ದೊಡ್ಡದಾಗಿ ‘ರ’ ಬರೆದಳು. ಗೆರೆ ನಡುಗಿತ್ತು, ಆದರೆ ಅದು ‘ರ’ ಎಂದು ಯಾರು ನೋಡಿದರೂ ಹೇಳಬಹುದಿತ್ತು. ತಿಂಗಳ ನಂತರ ಊರಿನ ಬಡಗಿಯೊಬ್ಬರು ಕುರ್ಚಿಯ ಕಾಲುಗಳನ್ನು ಅಳತೆಗೆ ಕೊಯ್ದು ಎರಡೂ ಬದಿಗೆ ತೋಳುಪಟ್ಟಿ ಹೊಡೆದುಕೊಟ್ಟರು. ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಗೆ, ತಗುಲಿದ ಖರ್ಚು 350 ರೂಪಾಯಿ.

ಇನ್ನು ಶಿಬಿರದ ಮಾತು. ಇಲ್ಲಿ ನನ್ನ ದೂರು ಗಟ್ಟಿಯಾಗಿದೆ. ಇದೇ ಹುಡುಗಿಗೆ ತಪಾಸಣಾ ಶಿಬಿರದಲ್ಲಿ ವಿಶೇಷ ಕುರ್ಚಿಗಾಗಿ ನವೆಂಬರ್ ತಿಂಗಳಲ್ಲಿ ಅಳತೆ ತೆಗೆದುಕೊಂಡರು. ಕುರ್ಚಿ ಬಂದದ್ದು ಮರುವರ್ಷದ ಅಕ್ಟೋಬರ್‌ನಲ್ಲಿ. ಬೆಳೆಯುವ ಮಗು ಹನ್ನೊಂದು ತಿಂಗಳು ಅದೇ ಅಳತೆಯಲ್ಲಿ ಇರುತ್ತದೆಯೇ? ಸಮಾರಂಭದಲ್ಲಿ ವೇದಿಕೆಯ ಮೇಲೆ ಹಸ್ತಾಂತರವಾಯಿತು, ಫೋಟೊ ತೆಗೆದರು. ಮನೆಗೆ ತಂದು ಕೂರಿಸಿದರೆ ತೊಡೆಯ ಪಟ್ಟಿ ಮುಚ್ಚಲಿಲ್ಲ. ಅದನ್ನು ಸರಿಪಡಿಸುವವರು ಯಾರು, ಎಲ್ಲಿಗೆ ಕಳುಹಿಸಬೇಕು ಎಂಬುದಕ್ಕೆ ಉತ್ತರ ಸಿಗದೆ ಈಗಲೂ ಆ ಕುರ್ಚಿ ಅವರ ಮನೆಯ ಜಗಲಿಯಲ್ಲಿದೆ. ನಾನ್ನೂರು ರೂಪಾಯಿಯೊಳಗೆ ಆದ ನಮ್ಮ ಕುರ್ಚಿ ಮಾತ್ರ ಪ್ರತಿ ಜೂನ್ ತಿಂಗಳಲ್ಲಿ ಇಟ್ಟಿಗೆಯೊಂದನ್ನು ತೆಗೆದರೆ ಅವಳ ಅಳತೆಗೆ ಸರಿಯಾಗುತ್ತದೆ. ಸಾಧನ ಸಲಕರಣೆಗಳನ್ನು ಹಂಚುವ ವ್ಯವಸ್ಥೆಯ ಜೊತೆಗೇ ಅವುಗಳನ್ನು ಹೊಂದಿಸುವ ಮತ್ತು ದುರಸ್ತಿ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಹಂಚಿದ್ದು ಮಗುವಿನ ಪಾಲಿಗೆ ಬಾರದೇ ಹೋಗುತ್ತದೆ.

ಮೂರನೆಯ ಮಗು ಶ್ರವಣ ಸಾಧನ ಧರಿಸುವ ಹುಡುಗ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮತ್ತು ತರಬೇತಿ ಮೊದಲೇ ಆಗಿದ್ದರಿಂದ ಬಿಆರ್‌ಸಿಯ ಪಾಲು ಇಲ್ಲಿ ಚಿಕ್ಕದು. ಆದರೂ ಆ ಒಂದೇ ಭೇಟಿಯಲ್ಲಿ ತಿಳಿದದ್ದು ನನಗೆ ದಿನವೂ ಉಪಯೋಗಕ್ಕೆ ಬರುತ್ತದೆ. ಬೋರ್ಡಿನ ಕಡೆ ಮುಖ ಮಾಡಿ ಮಾತನಾಡಬಾರದು. ಬೇರೆ ಮಗು ಹಿಂದಿನಿಂದ ಉತ್ತರ ಹೇಳಿದರೆ ಅದನ್ನು ನಾನು ಮತ್ತೊಮ್ಮೆ ಹೇಳಬೇಕು, ಏಕೆಂದರೆ ಅವನಿಗೆ ಆ ಮುಖ ಕಂಡಿರುವುದಿಲ್ಲ. ಸಾಧನ ಶಿಳ್ಳೆ ಹೊಡೆದಂತೆ ಸದ್ದು ಮಾಡಿದರೆ ಅವನನ್ನು ಗದರಿಸದೆ, ಕಿವಿ ಬೆಳೆದು ಅಚ್ಚು ಸಡಿಲವಾಗಿದೆಯೇ ಎಂದು ನೋಡಿ ಹೊಸ ಅಚ್ಚಿಗೆ ಕಳುಹಿಸಬೇಕು. ಬೀರುವಿನಲ್ಲಿ ಬ್ಯಾಟರಿಯ ಒಂದು ಜೋಡಿ ಸದಾ ಇರಬೇಕು. ಸೆಲ್ ಮುಗಿದ ದಿನ ಅವನು ತರಗತಿಯಲ್ಲಿ ಕುಳಿತಿರುತ್ತಾನಷ್ಟೇ, ಪಾಠ ಅವನನ್ನು ತಲುಪುವುದಿಲ್ಲ.

ನಾಲ್ಕನೆಯ ಮಗುವಿನ ವಿಷಯದಲ್ಲಿ ಈ ಸೇವೆ ನನ್ನ ಮನಸ್ಸಿಗೆ ಒಪ್ಪುವಂತೆ ನಡೆದಿಲ್ಲ. ಒಂದಕ್ಕಿಂತ ಹೆಚ್ಚು ವಿಕಲತೆಗಳಿರುವ ಆ ಬಾಲಕ ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿದ್ದಾನೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ತೀವ್ರ ವಿಕಲತೆ ಮತ್ತು ಬಹುವಿಕಲತೆಯ ಮಕ್ಕಳಿಗೆ ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟಿತು. ಆರಿಸಿಕೊಳ್ಳುವುದು ಎಂಬ ಮಾತನ್ನು ಗಮನಿಸಬೇಕು. ಆ ತಾಯಿಯನ್ನು ಯಾರೂ ಏನೂ ಕೇಳಿರಲಿಲ್ಲ. ಮಗುವನ್ನು ಶಾಲೆಗೆ ತಂದರೆ ನೋಡಿಕೊಳ್ಳುವವರಿಲ್ಲ ಎಂದು ಊರಿನವರೂ ಶಾಲೆಯವರೂ ಸೇರಿ ಮೊದಲೇ ನಿರ್ಧರಿಸಿದ್ದರು, ಅದರಲ್ಲಿ ನನ್ನ ಮೌನವೂ ಸೇರಿತ್ತು. ವಾರಕ್ಕೊಮ್ಮೆ ಎಂದು ಹೇಳಿದ ಮನೆಭೇಟಿ ತಿಂಗಳಿಗೊಮ್ಮೆ ನಡೆದದ್ದೇ ಹೆಚ್ಚು. ಬಂದ ದಿನ ಒಳ್ಳೆಯ ಕೆಲಸವಾಗುತ್ತಿತ್ತು: ಚಮಚ ಹಿಡಿಯುವುದು, ಬೇಕು ಬೇಡಗಳನ್ನು ಚಿತ್ರ ತೋರಿಸಿ ಹೇಳುವುದು, ಮಗ್ಗುಲಾಗಿ ಮಲಗಿಸುವ ಕ್ರಮ. ಆದರೆ ತಿಂಗಳಲ್ಲಿ ಒಂದು ಗಂಟೆಯ ಪಾಠವನ್ನು ಶಿಕ್ಷಣವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹೋದ ವರ್ಷದಿಂದ ಸಂಭ್ರಮ ಶನಿವಾರದಂದು ಅವನನ್ನು ಶಾಲೆಗೆ ಕರೆತರುವಂತೆ ತಾಯಿಗೆ ಹೇಳಿದ್ದೇವೆ. ಅಂದು ಬ್ಯಾಗು ಇರುವುದಿಲ್ಲ, ಹಾಡು, ಆಟ, ಚಟುವಟಿಕೆಗಳು ಇರುತ್ತವೆ. ಮೊದಲ ಸಲ ತಮಟೆಯ ಸದ್ದಿಗೆ ಹೆದರಿ ಅತ್ತ. ನಾಲ್ಕನೇ ಸಲಕ್ಕೆ, ಹಾಡು ನಿಂತೊಡನೆ ಇನ್ನೊಮ್ಮೆ ಬೇಕೆಂದು ತನ್ನ ಮಡಿಲಿನ ಚಿತ್ರದ ಹಾಳೆಯ ಮೇಲೆ ಕೈ ಬಡಿದು ತೋರಿಸಿದ. ಆ ಚಿತ್ರದ ಹಾಳೆಯನ್ನು ಮಾಡಿಕೊಟ್ಟವರು ಅದೇ ವಿಶೇಷ ಶಿಕ್ಷಕಿ ಎಂಬುದನ್ನು ನಾನು ಮರೆಯಲಾರೆ. ಕೊರತೆಯಿರುವುದು ಅವರ ಶ್ರದ್ಧೆಯಲ್ಲಿ ಅಲ್ಲ.

ಕೊರತೆಯಿರುವುದು ಎಣಿಕೆಯಲ್ಲಿ. ನಮ್ಮ ತಾಲ್ಲೂಕಿನಲ್ಲಿ ಇನ್ನೂರಕ್ಕೂ ಹೆಚ್ಚು ಶಾಲೆಗಳಿವೆ, ವಿಶೇಷ ಶಿಕ್ಷಕರು ಇಬ್ಬರು. ಮೊದಲ ವರ್ಷ ನನ್ನ ಶಾಲೆಗೆ ಒಂಬತ್ತು ಭೇಟಿಗಳಾದವು, ಎರಡನೇ ವರ್ಷ ಏಳು. ಮೂರನೇ ವರ್ಷ ಒಬ್ಬರು ವರ್ಗವಾಗಿ ಆ ಜಾಗ ತುಂಬಲಿಲ್ಲ, ಭೇಟಿಗಳು ನಾಲ್ಕಕ್ಕೆ ಇಳಿದವು. ಇದರ ನಡುವೆ ಅಂಕಿಅಂಶಗಳ ನಮೂನೆಗಳನ್ನು ತುಂಬುವ, ಚುನಾವಣೆಯಿಂದ ಹಿಡಿದು ಸಮೀಕ್ಷೆಗಳವರೆಗಿನ ಕೆಲಸಗಳಿಗೆ ಅವರನ್ನು ಎಳೆಯುವುದೂ ನಡೆದೇ ಇದೆ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ವಿಶೇಷ ಶಿಕ್ಷಕರ ಅನುಪಾತವನ್ನು ನಿಗದಿಪಡಿಸುವಂತೆ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ಎಂದು ಅಧಿಸೂಚನೆ ಹೊರಡಿಸಿತು. ಆ ಲೆಕ್ಕವನ್ನು ನಮ್ಮ ತಾಲ್ಲೂಕಿನ ಪಕ್ಕದಲ್ಲಿಟ್ಟು ನೋಡಿದರೆ ಒಬ್ಬ ಶಿಕ್ಷಕಿಯ ಹೆಗಲ ಮೇಲೆ ಎಷ್ಟು ಜನರ ಕೆಲಸವಿದೆ ಎಂಬುದು ತಿಳಿಯುತ್ತದೆ. ಈ ಸೇವೆಗೆ ಅಂಕ ಕೊಡಿ ಎಂದು ಯಾರಾದರೂ ಕೇಳಿದರೆ, ಬಂದ ದಿನದ ಕೆಲಸಕ್ಕೆ ಐದಕ್ಕೆ ಐದು, ಬಾರದ ದಿನಗಳಿಗಾಗಿ ಐದಕ್ಕೆ ಎರಡು ಕೊಡುತ್ತೇನೆ.

ಬಳಸಬೇಕೆಂದಿರುವವರಿಗೆ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಮಗುವನ್ನು ವಾರಕ್ಕೆರಡು ದಿನ ಸಂಪನ್ಮೂಲ ಕೊಠಡಿಗೆ ಕಳುಹಿಸಿದರೆ ಸಾಕು, ಉಳಿದದ್ದು ಅವರು ನೋಡಿಕೊಳ್ಳುತ್ತಾರೆ ಎಂಬ ನಿರೀಕ್ಷೆಯಿಂದ ಹೋದರೆ ನಿರಾಶೆಯಾಗುತ್ತದೆ. ನಾನು ಆರಂಭದಲ್ಲಿ ಓದಿನ ತೊಂದರೆಯ ಹುಡುಗನನ್ನು ಹಾಗೆ ಆರು ವಾರ ಕಳುಹಿಸಿದೆ. ಹೋಗಿ ಬರುವುದರಲ್ಲೇ ದಿನ ಕಳೆಯಿತು, ಇಲ್ಲಿನ ಪಾಠ ತಪ್ಪಿತು, ಜೊತೆಯವರು ಅವನನ್ನು ‘ಬೇರೆ ಸ್ಕೂಲಿನವ್ನು’ ಎನ್ನತೊಡಗಿದರು. ಫಿಸಿಯೋಥೆರಪಿಗೆ, ಬ್ರೈಲ್ ಕಲಿಯುವುದಕ್ಕೆ ಆ ಕೊಠಡಿ ಬೇಕೇ ಬೇಕು. ಓದು ಬರಹದ ವಿಷಯದಲ್ಲಿ ಮಾತ್ರ, ಮಗುವನ್ನು ಅಲ್ಲಿಗೆ ಕಳುಹಿಸುವುದಕ್ಕಿಂತ ಅಲ್ಲಿನವರನ್ನು ನಿಮ್ಮ ತರಗತಿಗೆ ಕರೆಸಿಕೊಳ್ಳುವುದು ಮೇಲು. ಮುಖ್ಯ ಶಿಕ್ಷಕರ ಸಹಿಯಿರುವ ಒಂದು ಪತ್ರವನ್ನು ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರ (ಸಮೂಹ ಸಂಪನ್ಮೂಲ ವ್ಯಕ್ತಿಯ) ಮೂಲಕ ಕಳುಹಿಸಿದರೆ ನಮ್ಮಲ್ಲಿ ಎರಡು ಮೂರು ವಾರಗಳೊಳಗೆ ಬಂದಿದ್ದಾರೆ. ಬಂದ ದಿನ ಬೇರೆ ಕೆಲಸ ಇಟ್ಟುಕೊಳ್ಳದೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಹೋದ ಮೇಲೆ ಕಲಿಸಬೇಕಾದವರು ನೀವೇ.

ಪೋಷಕರು ನೇರವಾಗಿ ಬಿಆರ್‌ಸಿಗೆ ಹೋಗುವುದಾದರೆ ಮೊದಲು ಶಾಲೆಯಿಂದ ಫೋನ್ ಮಾಡಿಸಿ, ವಿಶೇಷ ಶಿಕ್ಷಕರು ಅಂದು ಕಚೇರಿಯಲ್ಲಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಆಧಾರ್ ಕಾರ್ಡು, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಇದ್ದರೆ ಅದು, ಹಳೆಯ ಆಸ್ಪತ್ರೆ ಚೀಟಿಗಳು, ಎರಡು ಫೋಟೊ ಜೊತೆಗಿರಲಿ. ಕಾರ್ಡು ಇಲ್ಲವೆಂಬ ಕಾರಣಕ್ಕೆ ಹೋಗದೆ ಇರಬೇಡಿ. ಮಾಡಿಸುವ ಅರ್ಜಿಗೆ ಅಲ್ಲೇ ನೆರವು ಸಿಗುತ್ತದೆ. ಮಗುವಿನ ನೋಟ್‌ಪುಸ್ತಕಗಳನ್ನು, ಹಳೆಯವನ್ನೂ ಹರಿದವನ್ನೂ ಬಿಡದೆ, ತೆಗೆದುಕೊಂಡು ಹೋಗಿ. ಅವರು ಮೊದಲು ಕೇಳುವುದು ಅವನ್ನೇ.